ಕತ್ತರಿ ಬಿದ್ದ ಬೂಟು

ಅಂಗಡಿಯಿಂದ
೪ ಅಕ್ಟೋಬರ್, ಯುದ್ಧದ ಎರಡನೇ ವರ್ಷ

ಬಣ್ಣಗಾರನಿಗೆ,

ಎದುರುಮನೆಯ ಸಿಪಾಯಿ ರಜೆ ಮುಗಿಸಿ ಹೊರಟಿದ್ದಾನೆ. ಈ ಪತ್ರವನ್ನು ಅವನ ಕೋಟಿನ ಅಸ್ತರಿನೊಳಗಿಟ್ಟು ನಾನೇ ಹೊಲಿದುಕೊಡುತ್ತೇನೆ. ಆದ್ದರಿಂದ ಇದೊಂದು ಸಲ ಬಾಯಿಬಿಟ್ಟು ಬರೆಯುತ್ತೇನೆ. ಮುಂದಿನವು ಟಪಾಲಿನಲ್ಲಿ ಬರಬೇಕು, ಟಪಾಲು ಕಚೇರಿಯಲ್ಲಿ ಈಗ ಎಲ್ಲರ ಪತ್ರವನ್ನೂ ಒಡೆದು ಓದುತ್ತಾರೆ.

ಮೊದಲು ಅಣ್ಣನ ವಿಷಯ. ಅವನು ನದಿ ದಾಟಿ ಆಚೆಯವರ ಸೈನ್ಯ ಸೇರಿದ್ದು ಬೀದಿಗೆಲ್ಲ ಗೊತ್ತಾಗಿದೆ. ಯಾರೂ ಏನೂ ಕೇಳುವುದಿಲ್ಲ. ಕೇಳದೆ ಇರುವುದೇ ಒಂದು ಥರ ಕೇಳಿದ ಹಾಗಿರುತ್ತದೆ. ಹೋದ ವಾರ ಅಪ್ಪ ಏಣಿ ಹತ್ತಿ, ನೀನು ಅಷ್ಟು ಚೆಂದವಾಗಿ ಬರೆದ ಬೋರ್ಡಿನಲ್ಲಿ ‘ಮತ್ತು ಮಗ’ ಅನ್ನುವುದರ ಮೇಲೆ ಕಂದು ಬಣ್ಣ ಬಳಿದರು. ಬೂಟಿಗೆ ಪಾಲಿಶ್ ತಿಕ್ಕಿದ ಹಾಗೆ ತಿಕ್ಕಿದ್ದಾರೆ, ಬಿಸಿಲು ಬಿದ್ದಾಗ ಕೆಳಗಿನ ಅಕ್ಷರ ಮೂಡುತ್ತದೆ. ನೆರಳಿನಲ್ಲಿ ಓದಿದರೆ ‘ತಂದೆ, ಬೂಟು ತಯಾರಕರು’ ಅಂತಿದೆ. ಯಾರ ತಂದೆ ಅಂತ ಯಾರೂ ಕೇಳುವ ಹಾಗಿಲ್ಲ. ಅಮ್ಮ ಬೋರ್ಡಿನ ಕಡೆ ನೋಡುವುದನ್ನೇ ಬಿಟ್ಟಿದ್ದಾಳೆ, ಹಿತ್ತಲ ಬಾಗಿಲಿನಿಂದ ಓಡಾಡುತ್ತಾಳೆ.

ಇನ್ನು ಮೇಲೆ ಅಣ್ಣನನ್ನು ಆನೆಪಾದ ಅಂತಲೇ ಬರೆಯುತ್ತೇನೆ. ಚಿಕ್ಕಂದಿನಲ್ಲಿ ಅಪ್ಪ ಇಟ್ಟ ಹೆಸರು. “ಈ ಆನೆಪಾದಕ್ಕೆ ತೊಗಲು ಹೊಂದಿಸೋಷ್ಟರಲ್ಲಿ ನಾನು ಮುದುಕ ಆಗಿಬಿಡ್ತೀನಿ” ಅನ್ನುತ್ತಿದ್ದರಲ್ಲ. ಪತ್ರ ಓದುವ ಮಹಾಶಯರು ಯಾವುದೋ ಸರ್ಕಸ್ಸಿನ ಸುದ್ದಿ ಅಂದುಕೊಳ್ಳಲಿ.

ಅಂಗಡಿಗೆ ಈಗ ಗಿರಾಕಿಗಳಿಲ್ಲ. ಸೈನ್ಯದ ಗೋದಾಮಿನಿಂದ ಗೋಣಿಚೀಲಗಳಲ್ಲಿ ಹಳೆಯ ಬೂಟು ಬರುತ್ತವೆ. ಹಿಮ್ಮಡಿ ಹಾಕಿ, ಹೊಲಿದು, ಎಣ್ಣೆ ಹಚ್ಚಿ ವಾಪಸು ಕಳಿಸುತ್ತೇವೆ. ಅವನ್ನು ಹಾಕಿಕೊಂಡಿದ್ದವರು ಏನಾದರು ಅಂತ ಗೋದಾಮಿನವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕೇಳೋಣವೆಂದರೂ ನನ್ನ ಬಾಯಲ್ಲಿ ಯಾವಾಗಲೂ ಮೊಳೆ. ನೀನು ಮದುವೆಯ ಮಾತೆತ್ತಿದಾಗಲೂ ಬಾಯ್ತುಂಬ ಮೊಳೆ ಇತ್ತು, ನೆನಪಿದೆಯಾ? ‘ಹೂಂ’ ಅನ್ನಲು ಒಂದೊಂದಾಗಿ ಅಂಗೈಗೆ ಉಗಿದುಕೊಳ್ಳುವಷ್ಟರಲ್ಲಿ ನೀನು ಬೆವತುಹೋಗಿದ್ದೆ.

ಸೌದೆ ಸಿಗುತ್ತಿಲ್ಲ. ಗಿರಾಕಿಗಳ ಪಾದದ ಅಳತೆಗೆ ಅಪ್ಪ ಕೆತ್ತಿಟ್ಟಿದ್ದ ಮರದ ಕಾಲಚ್ಚುಗಳನ್ನು ಒಲೆಗೆ ಹಾಕುತ್ತಿದ್ದೇವೆ. ತೀರಿಕೊಂಡವರವು ಮೊದಲು, ಊರು ಬಿಟ್ಟವರವು ಆಮೇಲೆ. ನಿನ್ನ ಅಚ್ಚು ನನ್ನ ಮೇಜಿನ ಮೇಲಿದೆ, ಅದನ್ನು ಮುಟ್ಟಲು ಯಾರಿಗೂ ಬಿಡುವುದಿಲ್ಲ. ಹೊರಡುವ ಮುಂಚೆ ನಾನು ಹೊಲಿದುಕೊಟ್ಟ ಬೂಟು ಹೇಗಿದೆ? ಅಟ್ಟೆಯ ಹೊಟ್ಟೆಯಲ್ಲಿ ನೀನು ಬರೆದ ನೀಲಿ ಮೊಳೆಯ ಚಿತ್ರ ಅಳಿಸಿಹೋಯಿತಾ?

ನಿನ್ನ,
ಮೊಳೆ

*

ಶಿಬಿರದಿಂದ
೨೬ ಅಕ್ಟೋಬರ್

ಮೊಳೆ,

ಕೋಟು ತಲುಪಿತು, ಅಸ್ತರು ಬಿಚ್ಚಿದೆ. ಇದು ಟಪಾಲಿನಲ್ಲಿ ಬರುತ್ತಿದೆ, ಆದ್ದರಿಂದ ಮಹಾಶಯರಿಗೂ ನಮಸ್ಕಾರ.

ನೀಲಿ ಮೊಳೆ ಹಾಗೇ ಇದೆ. ಅಟ್ಟೆಯ ಆ ಜಾಗ ನೆಲಕ್ಕೆ ತಾಗುವುದಿಲ್ಲ, ಎಷ್ಟು ನಡೆದರೂ ಬಣ್ಣ ಹೋಗುವುದಿಲ್ಲ ಅಂತ ನೀನೇ ತೋರಿಸಿದ್ದೆ. ಇಲ್ಲಿ ಎಲ್ಲರ ಬೂಟೂ ಬಾಯಿ ತೆರೆದಿವೆ, ನನ್ನದು ಮಾತ್ರ ಗಂಭೀರವಾಗಿದೆ. ನಮ್ಮ ಅಡುಗೆಯವನು ದಿನಾ ಕಣ್ಣು ಹಾಕುತ್ತಾನೆ. “ಎಲ್ಲಿ ಹೊಲಿಸಿದೆ ಗುರುವೇ?” ಅಂದ. “ಹೊಲಿಸಿದ್ದಲ್ಲ, ಹೊಲಿಸಿಕೊಂಡದ್ದು” ಅಂದೆ. ಅವನಿಗೆ ಅರ್ಥವಾಗಲಿಲ್ಲ, ನನಗೂ ಪೂರ್ತಿ ಆಗಲಿಲ್ಲ, ಆದರೆ ಹೇಳಿದ ಮೇಲೆ ಖುಷಿಯಾಯಿತು.

ನನ್ನ ಕೈಗೆ ಬಂದೂಕಿನ ಜೊತೆ ಕುಂಚವನ್ನೂ ಕೊಟ್ಟಿದ್ದಾರೆ. ಬೋರ್ಡು ಬರೆಯುವವನು ಅಂತ ಗೊತ್ತಾದದ್ದೇ ತಡ, ನಂಬರು ಬರೆಯುವ ಕೆಲಸಕ್ಕೆ ಹಾಕಿದರು. ದಿನವಿಡೀ ಬಿಳಿ ಬಣ್ಣದಲ್ಲಿ ನಂಬರು. ಬಟ್ಟೆಯ ಮೇಲೆ ಬರೆಯಬೇಕು, ಬಟ್ಟೆ ಬಣ್ಣ ಕುಡಿಯುತ್ತದೆ, ಅಂಚು ಹರಡುತ್ತದೆ. ಏಳು ಬರೆದರೆ ಸೊಟ್ಟಗಾಗುತ್ತದೆ. ನಿಮ್ಮ ಅಂಗಡಿಯ ಬೋರ್ಡು ಬರೆಯಲು ಬೇಕಂತಲೇ ದಿನ ಎಳೆದವನು ನಾನು. ಇಲ್ಲಿ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ.

ಆನೆಪಾದನ ಸುದ್ದಿ ನನಗೂ ಏನೂ ಇಲ್ಲ. ಸರ್ಕಸ್ಸು ಬಹಳ ದೂರ ಹೋಗಿರಬೇಕು. ಅಮ್ಮನಿಗೆ ಹೇಳು, ದೊಡ್ಡ ಪ್ರಾಣಿ, ಎಲ್ಲಿದ್ದರೂ ಹೊಟ್ಟೆಪಾಡು ನೋಡಿಕೊಳ್ಳುತ್ತದೆ.

ನಿನ್ನ ಮುಖ ನೆನಪಾಗುತ್ತದೆ. ಯಾವಾಗಲೂ ತುಟಿಯ ನಡುವೆ ಮೊಳೆ ಕಚ್ಚಿಕೊಂಡೇ ನೆನಪಾಗುತ್ತದೆ.

ಬಣ್ಣಗಾರ

*

ಅಂಗಡಿಯಿಂದ
೧೭ ನವೆಂಬರ್

ಬಣ್ಣಗಾರನಿಗೆ,

ಬಟ್ಟೆಯ ಮೇಲೆ ನಂಬರು ಅಂದೆ. ಎಂಥ ಬಟ್ಟೆ? ಚೀಲವಾ, ಡೇರೆಯಾ? ಅಪ್ಪ ಕೇಳಿದರು. ಬಣ್ಣಕ್ಕೆ ಸ್ವಲ್ಪ ಸರೇಸು, ನಾವು ತೊಗಲಿಗೆ ಹಚ್ಚುವ ಅಂಟು, ಬೆರೆಸಿದರೆ ಹರಡುವುದಿಲ್ಲವಂತೆ.

ಇಲ್ಲಿ ಚಳಿ ಶುರುವಾಗಿದೆ. ಅಮ್ಮ ನಿನ್ನ ಪತ್ರ ಓದಿಸಿಕೊಂಡಳು. ಆನೆಪಾದನ ಸಾಲು ಬಂದಾಗ “ಇನ್ನೊಂದ್ಸಲ ಓದು” ಅಂದಳು. ಓದಿದೆ. “ಅಷ್ಟೇನಾ?” ಅಂದಳು. ಅಷ್ಟೇ ಅಂದೆ. ಎದ್ದು ಒಲೆಯ ಬೂದಿ ತೆಗೆಯಲು ಹೋದಳು, ಬೂದಿ ಬೆಳಗ್ಗೆಯೇ ತೆಗೆದಾಗಿತ್ತು.

ಊರು ಬಿಟ್ಟವರ ಅಚ್ಚುಗಳೂ ಮುಗಿಯುತ್ತಾ ಬಂದವು. ನಿನ್ನೆ ಅಪ್ಪನ ಕೈ ಆನೆಪಾದನ ಅಚ್ಚಿನ ಮೇಲೆ ಹೋಯಿತು. ದೊಡ್ಡ ಮರದ ತುಂಡು, ಒಂದು ಹೊತ್ತಿನ ಅಡುಗೆ ಆಗುತ್ತಿತ್ತು. ಎತ್ತಿಕೊಂಡರು, ತೂಗಿ ನೋಡಿದರು, ಪುನಃ ಅಲ್ಲೇ ಇಟ್ಟರು. ಆ ಹೊತ್ತು ನಾವು ಬ್ರೆಡ್ಡನ್ನು ತಣ್ಣೀರಿನಲ್ಲಿ ಅದ್ದಿ ತಿಂದೆವು.

ಪತ್ರ ಬೇಗ ಬರೆ. ಸುಮ್ಮನೆ ಏನಾದರೂ ಬರೆ.

ಮೊಳೆ

*

ಶಿಬಿರದಿಂದ
೯ ಡಿಸೆಂಬರ್

ಮೊಳೆ,

ಚೆನ್ನಾಗಿದ್ದೇನೆ. ಸರೇಸು ಸಿಗಲಿಲ್ಲ. ನಂಬರು ಸಾಮಾನುಗಳ ಮೇಲೆ ಬರೆಯುವುದು, ಅಪ್ಪನಿಗೆ ಹೇಳು.

ಇಲ್ಲಿಯೂ ಚಳಿ. ನೀರಿನ ಪೀಪಾಯಿ ಬೆಳಗ್ಗೆ ಗಟ್ಟಿಯಾಗಿರುತ್ತದೆ. ಶಿಬಿರದ ಹಿಂದೆ ಒಂದು ಕಲ್ಲುಗಣಿ ಇದೆ, ಕೆಲಸ ನಿಲ್ಲಿಸಿ ವರ್ಷಗಳಾಗಿವೆಯಂತೆ. ನಿನ್ನ ಬೂಟು ಬೆಚ್ಚಗಿದೆ. ಚೆನ್ನಾಗಿ ನಡೆಯುತ್ತೇನೆ. ಊಟವೂ ಪರವಾಗಿಲ್ಲ.

ಆನೆಪಾದನ ಅಚ್ಚನ್ನು ಸುಡಬೇಡಿ. ಬೇಕಾದರೆ ನನ್ನದನ್ನು ಸುಡಿ. ಅಪ್ಪನ ಕೈಗೆ ಸಿಗದ ಹಾಗೆ ಎಲ್ಲಾದರೂ ಎತ್ತಿಡು.

ಬರೆಯಲು ಬೇರೇನೂ ಇಲ್ಲ.

ಬಣ್ಣಗಾರ

*

ಅಂಗಡಿಯಿಂದ
೧೨ ಜನವರಿ

ಬಣ್ಣಗಾರನಿಗೆ,

ಇದನ್ನು ಟಪಾಲಿಗೆ ಹಾಕುವುದಿಲ್ಲ. ಬರೆಯದೆ ಇರಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತಿನ ಚೀಲದಲ್ಲಿ ನಿನ್ನ ಬೂಟು ಬಂತು.

ಅಪ್ಪ ಚೀಲ ಸುರಿದರು, ನಾನು ಜೋಡಿ ಆರಿಸುತ್ತಾ ಕೂತಿದ್ದೆ. ನನ್ನ ಹೊಲಿಗೆ ಕೈಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ. ತಿರುಗಿಸಿದೆ. ಅಟ್ಟೆಯ ಹೊಟ್ಟೆಯಲ್ಲಿ ನೀಲಿ ಮೊಳೆ. ಕೆಸರು ಒರೆಸಿದ ಮೇಲೆ ಹೊಸದರ ಹಾಗೇ ಇತ್ತು.

ಬಾಯಲ್ಲಿದ್ದ ಮೊಳೆಗಳನ್ನು ತೆಗೆದು ಡಬ್ಬಿಗೆ ಹಾಕಿದೆ. ಮುಚ್ಚಳ ಮುಚ್ಚಿದೆ. ಸತ್ತುಹೋಗಿದ್ದಾನೆ ಅಂತ ಅಂದುಕೊಂಡೆ, ವಾಕ್ಯದ ಹಾಗೆ, ಪುಸ್ತಕದಲ್ಲಿ ಓದಿದ ಹಾಗೆ. ಅಳು ಬರಲಿಲ್ಲ. ಬರುತ್ತದೇನೋ ಅಂತ ಕಾದೆ.

ಆಮೇಲೆ ಎಡಗಾಲಿನ ಬೂಟು ನೋಡಿದೆ. ಕತ್ತರಿ ಬಿದ್ದಿದೆ. ಮೇಲಿನ ಅಂಚಿನಿಂದ ಹೊರಮಗ್ಗುಲಲ್ಲಿ ಕಿರುಬೆರಳಿನ ತನಕ, ಹೊಲಿಗೆಯ ಗುಂಟ ನೀಟಾಗಿ. ಅಪ್ಪನಿಗೆ ಕೊಟ್ಟೆ. ಅವರ ಕಣ್ಣು ಈಗ ಮಂಜು, ಬೆರಳಿನಿಂದಲೇ ನೋಡುವುದು. ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

“ಇದು ನಮ್ಮ ಬಣ್ಣಗಾರಂದಾ?”

“ಹೂಂ.”

“ಹಾಗಾದ್ರೆ ಹೆದರಬೇಡ. ಸತ್ತವನ ಬೂಟಿಗೆ ಯಾರೂ ಕತ್ತರಿ ಹಾಕಲ್ಲ ಕಣೇ. ಎಳೀತಾರೆ, ಬರುತ್ತೆ. ಕತ್ತರಿ ಹಾಕಿದಾರೆ ಅಂದ್ರೆ ಒಳಗಿನ ಕಾಲಿಗೆ ನೋಯುತ್ತೆ ಅಂತ ಯಾರಿಗೋ ಅನಿಸಿದೆ.”

ನಿಜ. ಈ ಎರಡು ವರ್ಷದಲ್ಲಿ ನಮ್ಮ ಕೈಗೆ ಬಂದ ಕತ್ತರಿಸಿದ ಬೂಟುಗಳೆಲ್ಲ ಆಸ್ಪತ್ರೆಯ ಚೀಲದಿಂದ ಬಂದವು. ಯಾರೋ ಜಾಣ ಡಾಕ್ಟರು, ತೊಗಲನ್ನೂ ಹಾಳು ಮಾಡಿಲ್ಲ. ಕಿರುಬೆರಳಿನ ಪಕ್ಕದ ಹೊಲಿಗೆ ಕತ್ತರಿ ತಾಗುವ ಮೊದಲೇ ಬಿರಿದಿದೆ, ಬಲಗಾಲಿನದರಲ್ಲೂ ಅದೇ ಜಾಗ ಬಿರಿದಿದೆ. ನನ್ನ ಹೊಲಿಗೆ ಹೀಗೆ ಬಿರಿಯುವುದಿಲ್ಲ. ನೀನು ಹೊರಡುವ ಅವಸರದಲ್ಲಿ ದಾರ ಸಡಿಲ ಎಳೆದಿರಬೇಕು. ನಾಚಿಕೆಯಾಯಿತು.

ಕಾಲು ನೆಟ್ಟಗಿದ್ದರೆ ಈ ಬೂಟನ್ನು ನೀನು ಬಿಡುತ್ತಿರಲಿಲ್ಲ. ಹಾಗಾದರೆ ನಿನ್ನ ಎಡಗಾಲು ಹೋಗಿದೆ, ಅಥವಾ ಅರ್ಧ ಹೋಗಿದೆ. ‘ಚೆನ್ನಾಗಿ ನಡೆಯುತ್ತೇನೆ’ ಅಂತ ಬರೆದಿದ್ದೀಯ. ‘ಬೂಟು ಬೆಚ್ಚಗಿದೆ’ ಅಂತ ಬರೆದಿದ್ದೀಯ. ಬೂಟು ನನ್ನ ತೊಡೆಯ ಮೇಲಿದೆ, ತಣ್ಣಗಿದೆ.

ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಕೆಟ್ಟದಾಗಿ ಹೇಳಬಾರದು. ಬೂಟಿಗೆ ‘ರಿಪೇರಿಗೆ ಬಾರದು’ ಅಂತ ಚೀಟಿ ಕಟ್ಟಿ ನನ್ನ ಮೇಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

*

ಅಂಗಡಿಯಿಂದ
೧೩ ಜನವರಿ

ಬಣ್ಣಗಾರನಿಗೆ,

ನೀನು ಬರೆಯದೆ ಮುಚ್ಚಿಟ್ಟದ್ದು ನನಗೆ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಅಂತ ಟಪಾಲಿನಲ್ಲಿ ಬರೆಯಲು ಬರುವುದಿಲ್ಲ. ಅಪ್ಪನಿಗೂ ಗೊತ್ತು. ಅಮ್ಮನಿಗೆ ಹೇಳಿಲ್ಲ.

ಆದದ್ದು ಆಗಿಹೋಯಿತು. ಯುದ್ಧದಲ್ಲಿ ಇಂಥದು ಆಗುತ್ತದೆ, ನೀನು ಬೇಕೆಂದು ಮಾಡಿಕೊಂಡದ್ದಲ್ಲ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮಿಬ್ಬರ ನಡುವೆ ಇದರಿಂದ ಏನೂ ಬದಲಾಗುವುದಿಲ್ಲ. ಬಂದ ಮೇಲೆ ಮದುವೆ, ಮೊದಲು ಅಂದುಕೊಂಡ ಹಾಗೇ.

ನೀನಾಗಿ ಹೇಳುವ ತನಕ ನಾನು ಕೇಳುವುದಿಲ್ಲ. ಹೇಳದಿದ್ದರೂ ಪರವಾಗಿಲ್ಲ. ಚೆನ್ನಾಗಿದ್ದೇನೆ ಅಂತ ಮಾತ್ರ ಇನ್ನು ಬರೆಯಬೇಡ.

ಮೊಳೆ

*

ಶಿಬಿರದಿಂದ
೫ ಫೆಬ್ರವರಿ

ಮೊಳೆ,

ನಿನ್ನ ಪತ್ರ ಮಧ್ಯಾಹ್ನ ಬಂತು. ಓದಿದೆ, ಮಡಿಚಿದೆ, ಪುನಃ ಓದಿದೆ. ಆಮೇಲೆ ಕೂತಲ್ಲೇ ನಿದ್ದೆ ಹೋದೆನಂತೆ. ಆ ದಿನದಿಂದ ಈಚೆಗೆ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಅಡುಗೆಯವನು ಊಟ ಎತ್ತಿಟ್ಟಿದ್ದ. ಎದ್ದು ತಿಂದೆ, ರುಚಿ ಗೊತ್ತಾಯಿತು.

ನಿನಗೆ ಹೇಗೆ ಗೊತ್ತಾಯಿತೋ ತಿಳಿಯದು. ಬಹುಶಃ ಆಚೆಯವರ ಕಡೆಯಿಂದ ಯಾರೋ ಹೇಳಿರಬೇಕು. ಸಿಟ್ಟಿಲ್ಲ ಅಂತ ಬರೆದಿದ್ದೀಯ. ಇಂಥದಕ್ಕೂ ಸಿಟ್ಟು ಬಾರದವಳು ಇರುತ್ತಾಳೆ ಅಂತ ನಾನು ತಿಳಿದಿರಲಿಲ್ಲ. ನನ್ನ ಕೈಲಿ ಮಾಡಲು ಆಗುತ್ತಿದ್ದದ್ದು ಒಂದೇ. ಅದನ್ನು ಮಾಡಿದೆ. ಅದು ಯಾವ ಲೆಕ್ಕಕ್ಕೂ ಸಾಲದು, ನನಗೆ ಗೊತ್ತು.

ಅಮ್ಮನಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು. ನಾನು ಬಂದ ಮೇಲೆ ನಾನೇ ಅವಳ ಮುಂದೆ ಕೂತು ಹೇಳುತ್ತೇನೆ. ಅದು ನನ್ನ ಕೆಲಸ.

ಇಲ್ಲಿ ಕೆಲಸ ಕಡಿಮೆ ಆಗಿದೆ. ಕುಂಚದ ಕೂದಲು ಉದುರಿಹೋಗಿದೆ, ಹೊಸದು ಕೇಳಿಲ್ಲ.

ನಿನ್ನವನು,
ಬಣ್ಣಗಾರ

*

ಅಂಗಡಿಯಿಂದ
೨೭ ಫೆಬ್ರವರಿ

ಬಣ್ಣಗಾರನಿಗೆ,

ಹೇಳಿದೆಯಲ್ಲ, ಅಷ್ಟು ಸಾಕು. ನಿನ್ನ ಪತ್ರದಲ್ಲಿ ಅರ್ಧ ಮಾತು ನನಗೆ ಹೊಂದಲಿಲ್ಲ, ಆದರೆ ನೋವಿನಲ್ಲಿರುವವನು ನೆಟ್ಟಗೆ ಬರೆಯಬೇಕು ಅಂತ ನಾನು ಕೇಳುವುದಿಲ್ಲ. ಆಚೆಯವರು ಯಾರೂ ನನಗೆ ಏನೂ ಹೇಳಲಿಲ್ಲ. ನನ್ನ ಕಣ್ಣೇ ಹೇಳಿತು.

ಇದರ ಜೊತೆ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಎಡಗಾಲಿನ ಬೂಟು. ಒಂದೇ. ಮುಂಭಾಗಕ್ಕೆ ಬೆಂಡು ತುಂಬಿ, ಅಟ್ಟೆಯೊಳಗೆ ಉಕ್ಕಿನ ಪಟ್ಟಿ ಇಟ್ಟಿದ್ದೇನೆ. ಪಾದ ಎಷ್ಟು ಉಳಿದಿದೆ ಅಂತ ಗೊತ್ತಿಲ್ಲದೆ ಅಂದಾಜಿನಲ್ಲಿ ಮಾಡಿದೆ. ಸಡಿಲವಾದರೆ ಬಟ್ಟೆ ಸುತ್ತಿಕೊ. ಮೊದಮೊದಲು ಕೋಲು ಹಿಡಿದು ನಡೆ. ಅಪ್ಪ ಹೇಳಿದರು, ಮುಂಗಾಲು ಇಲ್ಲದವರು ಮೆಟ್ಟಿಲು ಇಳಿಯುವಾಗ ಅಡ್ಡಡ್ಡವಾಗಿ ಇಳಿಯಬೇಕಂತೆ.

ಏಣಿ ಹತ್ತುವ ಕೆಲಸ ಇನ್ನು ಕಷ್ಟವಾಗಬಹುದು. ದೊಡ್ಡ ಬೋರ್ಡು ಬೇಡ, ಕೂತು ಬರೆಯುವ ಚಿಕ್ಕ ಬೋರ್ಡು ಸಾಕು. ನಾನು ದುಡಿಯುತ್ತೇನಲ್ಲ. ನಾಚಿಕೊಳ್ಳಬೇಡ.

ಈ ಬೂಟಿನ ಅಟ್ಟೆಗೂ ನೀಲಿ ಮೊಳೆ ಬರೆಯಲು ನೋಡಿದೆ. ಕತ್ತೆಯ ಬಾಲದ ಹಾಗೆ ಬಂತು. ಬಂದ ಮೇಲೆ ನೀನೇ ತಿದ್ದು.

ಮೊಳೆ

*

ಶಿಬಿರದಿಂದ
೨೦ ಮಾರ್ಚ್

ಮೊಳೆ,

ನನ್ನ ಎರಡು ಕಾಲೂ ನೆಟ್ಟಗಿವೆ.

ಈ ಪತ್ರವನ್ನು ಅಡುಗೆಯವನು ತರುತ್ತಾನೆ. ಎದೆ ಕೆಟ್ಟಿದೆ ಅಂತ ಅವನನ್ನು ಮನೆಗೆ ಕಳಿಸುತ್ತಿದ್ದಾರೆ. ಅವನು ಒಳ್ಳೆಯವನು, ಒಂದು ಲೋಟ ಚಹಾ ಕೊಡು.

ಪೊಟ್ಟಣ ಬಿಚ್ಚಿದಾಗ ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಅಷ್ಟು ಅಂದವಾದ ಬೂಟು, ಅದರೊಳಗೆ ಅರ್ಧ ಕಾಲಿಗೆ ಮಾತ್ರ ಜಾಗ. ಅಡುಗೆಯವನು ನಕ್ಕ. “ಏನ್ ಗುರುವೇ, ಮದುವೆಗೆ ಮುಂಚೆನೇ ಕಾಲು ಮುರೀತಾರಾ?” ಅಂದ. ನಾನೂ ನಕ್ಕೆ. ಆಮೇಲೆ ನಿನ್ನ ಜನವರಿಯ ಪತ್ರ ತೆಗೆದು ಓದಿದೆ, ಈ ಪತ್ರ ಓದಿದೆ, ನಿನಗೆ ಏನು ಗೊತ್ತಾಗಿತ್ತು ಅಂತ ಆಗ ಹೊಳೆಯಿತು. ನಿನಗೆ ಏನೂ ಗೊತ್ತಾಗಿರಲಿಲ್ಲ.

ಈಗ ಬರೆಯುತ್ತೇನೆ. ಚೆಂದ ಮಾಡಿ ಬರೆಯಲು ಬರುವುದಿಲ್ಲ.

ಇದು ಕೈದಿಗಳ ಶಿಬಿರ. ನಾನು ನಂಬರು ಬರೆಯುವುದು ಅವರ ಕೋಟಿನ ಬೆನ್ನಿನ ಮೇಲೆ. ಅವರು ಸಾಲಾಗಿ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಮುಖ ನೋಡುವ ಅಗತ್ಯವಿಲ್ಲ, ನಾನು ನೋಡುತ್ತಿರಲಿಲ್ಲ. ಡಿಸೆಂಬರ್ ಮೊದಲ ವಾರ ಒಂದು ಬೆನ್ನಿನ ಮೇಲೆ ಏಳು ಬರೆಯುತ್ತಿದ್ದೆ. ಬೆನ್ನು ಮಾತಾಡಿತು.

“ಏಳು ನೆಟ್ಟಗೆ ಬರಿಯೋ. ನಿನಗೆ ಯಾವತ್ತೂ ಏಳು ಸೊಟ್ಟ.”

ನಿನ್ನ ಅಣ್ಣ. ತಿರುಗಲಿಲ್ಲ, ನನಗೂ ಅಪಾಯ ಅಂತ. ನಾನು ನಂಬರು ಮುಗಿಸಿದೆ. ನೆಟ್ಟಗೇ ಬರೆದೆ.

ಅವನ ಕಾಲಿಗೆ ಬೂಟಿರಲಿಲ್ಲ, ಗೋಣಿ ಸುತ್ತಿಕೊಂಡಿದ್ದ. ಮಾರನೆಯ ದಿನ ಅವನ ಗುಂಪನ್ನು ನಡೆಸಿಕೊಂಡು ಹೋಗುತ್ತಾರೆ ಅಂತ ಗೊತ್ತಾಯಿತು. ಎಲ್ಲಿಗೆ ಅಂತ ನಮಗೆ ಹೇಳಲಿಲ್ಲ, ದೂರ ಅಂದರು. ನೀರಿನ ಪೀಪಾಯಿಯ ಹತ್ತಿರ ಅವನು ಬಂದಾಗ ನನ್ನ ಬೂಟು ಬಿಚ್ಚಿ ತಳ್ಳಿದೆ. ಹಾಕಿಕೊಳ್ಳಲು ಬಹಳ ಒದ್ದಾಡಿದ. “ಬಿಗಿ ಇದೆ ಕಣೋ. ಇರಲಿ, ನಮ್ಮ ತಂಗಿ ಹೊಲಿಗೆ ತಾನೇ, ನಾಲ್ಕು ಹೆಜ್ಜೆಗೆ ಬಿಚ್ಚಿಕೊಳ್ಳುತ್ತೆ” ಅಂದ. ಅವಳಿಗೆ ಹೇಳಬೇಡ ಅಂತಲೂ ಅಂದ. ಯಾವುದನ್ನು ಹೇಳಬಾರದು ಅಂತ ಕೇಳಲು ಸಮಯವಿರಲಿಲ್ಲ.

ಬೆಳಗ್ಗೆ ಅವರನ್ನು ಕರೆದುಕೊಂಡು ಹೋದರು. ದೂರದ ದಾರಿ ಬಲಕ್ಕೆ. ಅವರು ಎಡಕ್ಕೆ ತಿರುಗಿದರು, ಕಲ್ಲುಗಣಿಯ ಕಡೆಗೆ. ನಾನು ಗೇಟಿನಲ್ಲಿ ನಿಂತಿದ್ದೆ. ನನ್ನ ಕೈಯಲ್ಲಿ ಬಂದೂಕೂ ಇತ್ತು, ಕುಂಚವೂ ಇತ್ತು. ಎರಡರಿಂದಲೂ ಏನೂ ಮಾಡಲಿಲ್ಲ. ಆಮೇಲೆ ಸದ್ದು ಕೇಳಿಸಿತು. ಎಲ್ಲರನ್ನೂ ಮುಗಿಸಿದರು ಅಂತ ಒಬ್ಬರು, ಸ್ವಲ್ಪ ಜನರನ್ನು ಅಲ್ಲಿಂದ ಮುಂದಕ್ಕೆ ನಡೆಸಿದರು ಅಂತ ಇನ್ನೊಬ್ಬರು. ನನಗೆ ಏನೂ ಅನಿಸಲಿಲ್ಲ. ಮುಂದಿನ ಬೆನ್ನು ಬಂದು ನಿಂತಿತು, ಬರೆದೆ. ನಿನಗೆ ಹೇಳಬೇಕಾದದ್ದರಲ್ಲಿ ಅದೇ ಕೆಟ್ಟದ್ದು.

ಬೂಟು ನಿನ್ನ ಕೈಗೆ ಸಿಕ್ಕಿರಬೇಕು, ಇಲ್ಲದಿದ್ದರೆ ನೀನು ಹೀಗೆ ತಿಳಿಯುತ್ತಿರಲಿಲ್ಲ. ಅದು ಹೇಗಿತ್ತು? ಅದನ್ನು ನೋಡಿ ನಾನು ಬದುಕಿದ್ದೇನೆ ಅಂತ ಯಾಕೆ ಅಂದುಕೊಂಡೆ? ನನಗೆ ಅದನ್ನು ಹೇಳು. ಹೇಳಿದ ಮೇಲೆ ಬರಬೇಡ ಅಂದರೆ ಬರುವುದಿಲ್ಲ.

ಬಣ್ಣಗಾರ

*

ಅಂಗಡಿಯಿಂದ
೧೧ ಏಪ್ರಿಲ್

ಬಣ್ಣಗಾರನಿಗೆ,

ಯುದ್ಧ ಮುಗಿಯಿತಂತೆ. ಟಪಾಲು ಕಚೇರಿಯಲ್ಲಿ ಈಗ ಯಾರೂ ಪತ್ರ ಒಡೆಯುವುದಿಲ್ಲ, ಮಹಾಶಯರು ಮನೆಗೆ ಹೋಗಿದ್ದಾರೆ. ಯಾರು ಗೆದ್ದರು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ನಿನ್ನ ಅಡುಗೆಯವನಿಗೆ ಚಹಾ ಕೊಟ್ಟೆ. ಅವನು ಹೋದ ಮೇಲೆ ಪತ್ರ ಓದಿದೆ. ಓದಿ, ಕೈಯಲ್ಲಿದ್ದ ಹಿಮ್ಮಡಿ ಮುಗಿಸಿದೆ. ಅದರ ಜೋಡಿಯನ್ನೂ ಮುಗಿಸಿದೆ. ಸುತ್ತಿಗೆ ಬೆರಳಿಗೆ ಬಿತ್ತು, ನೋಯಲಿಲ್ಲ, ಸಾಯಂಕಾಲ ನೋಡಿದರೆ ಉಗುರು ಕಪ್ಪಗಾಗಿತ್ತು.

ಬೂಟು ಹೇಗಿತ್ತು ಅಂತ ಕೇಳಿದೆ. ಜನವರಿಯಲ್ಲಿ ಬರೆದು ಟಪಾಲಿಗೆ ಹಾಕದೆ ಇಟ್ಟುಕೊಂಡಿದ್ದ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಓದು. ಎಡಗಾಲಿನದಕ್ಕೆ ಕತ್ತರಿ ಬಿದ್ದಿತ್ತು. ಸತ್ತವನ ಬೂಟಿಗೆ ಯಾರೂ ಕತ್ತರಿ ಹಾಕುವುದಿಲ್ಲ ಅಂತ ಅಪ್ಪ ಹೇಳಿದ್ದರು. ನಿನ್ನ ಪತ್ರ ಓದಿದಾಗ ನನಗೆ ಮೊದಲು ಹೊಳೆದದ್ದು ಅದೇ. ಹಾಗಾದರೆ ಅಣ್ಣ ಬದುಕಿದ್ದಾನೆ! ಕೂತಲ್ಲಿಂದ ಎದ್ದುಬಿಟ್ಟೆ.

ಎದ್ದವಳು ಅವನ ಅಚ್ಚು ತಂದೆ. ನೀನು ಹೇಳಿದ ಹಾಗೆ ಎತ್ತಿಟ್ಟಿದ್ದೆ. ನಿನ್ನ ಅಚ್ಚಿನ ಪಕ್ಕ ಇಟ್ಟ ಕೂಡಲೇ ಗೊತ್ತಾಯಿತು. ಅಷ್ಟು ವರ್ಷ ಆನೆಪಾದ ಆನೆಪಾದ ಅಂತ ನಕ್ಕವಳು ನಾನು. ಬಲಗಾಲಿನ ಬೂಟಿನೊಳಗೆ ಅವನ ಅಚ್ಚನ್ನು ತುರುಕಿ ನೋಡಿದೆ. ಹೋಗಲಿಲ್ಲ. ಮೇಣ ಹಚ್ಚಿ, ಬಡಿದು ಇಳಿಸಿದೆ. ಅಚ್ಚಿನ ಉಬ್ಬು ಬಂದು ನಿಂತದ್ದು ಸರಿಯಾಗಿ ಹೊಲಿಗೆ ಬಿರಿದ ಜಾಗದಲ್ಲಿ. ನನ್ನ ದಾರ ಸಡಿಲವಾಗಿರಲಿಲ್ಲ. ಆಮೇಲೆ ಅಚ್ಚನ್ನು ಹೊರಗೆಳೆಯಲು ನೋಡಿದೆ, ಬರಲಿಲ್ಲ. ಮರದ ಕಾಲು, ಅದಕ್ಕೆ ನೋವಿಲ್ಲ, ಸಾವಿಲ್ಲ. ಅದೂ ಬರಲಿಲ್ಲ. ಕೊನೆಗೆ ಹೊಲಿಗೆಯ ಗುಂಟ ಕತ್ತರಿಸಿಯೇ ತೆಗೆದೆ.

ತೆಗೆದು ಮೇಜಿನ ಮೇಲೆ ಇಟ್ಟೆ. ಚೀಲದಲ್ಲಿ ಬಂದ ಎಡಗಾಲಿನ ಬೂಟು, ನಾನು ಈಗ ಕತ್ತರಿಸಿದ ಬಲಗಾಲಿನ ಬೂಟು. ಎರಡೂ ಒಂದೇ ಕೈ ಕತ್ತರಿಸಿದ ಹಾಗಿದ್ದವು. ಡಾಕ್ಟರು ಕಾಲು ಉಳಿಸಬೇಕಾದರೆ ಹೊಲಿಗೆ ಹುಡುಕುತ್ತಾ ಕೂರುವುದಿಲ್ಲ. ಬೂಟು ಉಳಿಸಬೇಕಾದವನು ಹುಡುಕುತ್ತಾನೆ. ಜನವರಿಯಲ್ಲೂ ಅದನ್ನು ಕಂಡಿದ್ದೆ, ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಆಗ ನೀನು ಬದುಕಿರುವುದು ನನಗೆ ಬೇಕಿತ್ತು.

ಅವನು ಮುಂದಕ್ಕೆ ನಡೆದವರ ಜೊತೆ ಇರಲೂಬಹುದು. ಊದಿದ ಕಾಲು ಅಂತ ಯಾರೋ ಕನಿಕರದವರು ನಿಧಾನವಾಗಿ ಕತ್ತರಿಸಿರಲೂಬಹುದು. ಬೂಟಿನಿಂದ ಗೊತ್ತಾಗುವುದಿಲ್ಲ. ನನ್ನ ಮನಸ್ಸಿಗೆ ಗೊತ್ತಾಗಿದೆ, ಅದನ್ನು ಬರೆಯುವುದಿಲ್ಲ.

ಅಪ್ಪ ಬಂದರು. ಎರಡು ಅಚ್ಚೂ ಒಟ್ಟಿಗೆ ಇದ್ದದ್ದನ್ನು ಕೈಯಲ್ಲಿ ಮುಟ್ಟಿ ನೋಡಿದರು. ನಾನು ನಿನ್ನ ಪತ್ರ ಓದಿ ಹೇಳಿದೆ. ಬೂಟು ಎತ್ತಿಕೊಂಡು ಬಿರಿದ ಹೊಲಿಗೆಯ ಮೇಲೆ ಹೆಬ್ಬೆರಳು ಇಟ್ಟರು, ಬಹಳ ಹೊತ್ತು ತೆಗೆಯಲಿಲ್ಲ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದಳು.

“ಏನದು?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು. “ನಮ್ಮ ಬಣ್ಣಗಾರ ತನ್ನ ಬೂಟನ್ನ ನಮ್ಮ ಹುಡುಗನಿಗೆ ಕೊಟ್ಟಿದ್ನಂತೆ. ಅದನ್ನ ಕತ್ತರಿಸಿ ತೆಗೆದಿದಾರೆ.”

“ಅಂದ್ರೆ?”

“ಅಂದ್ರೆ ಬದುಕಿದಾನೆ. ಸತ್ತವನ ಬೂಟಿಗೆ ಯಾರೂ ಕತ್ತರಿ ಹಾಕಲ್ಲ ಕಣೇ.”

ನನ್ನ ಕಡೆ ತಿರುಗಲಿಲ್ಲ. ನಾನು ಮೊಳೆಯ ಡಬ್ಬಿ ತೆಗೆದು ಬಾಯ್ತುಂಬ ಹಾಕಿಕೊಂಡೆ.

“ಆ ಹುಡುಗ ತನ್ನ ಕಾಲಿನದನ್ನೇ ಬಿಚ್ಚಿಕೊಟ್ನಾ?” ಅಂತ ಅಮ್ಮ ಕೇಳಿದಳು. ಅಪ್ಪ ಹೂಂ ಅಂದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂಬಾಗಿಲಿನಿಂದ ಹೊರಗೆ ಹೋದಳು. ಏಣಿ ಹಾಕಿಕೊಂಡು, ಅಡುಗೆಮನೆಯ ಚಾಕುವಿನಿಂದ ಬೋರ್ಡಿನ ಮೇಲಿನ ಕಂದು ಬಣ್ಣ ಕೆರೆದಳು. ಬೀದಿಯವರೆಲ್ಲ ನೋಡುತ್ತಿದ್ದರು, ಅವಳು ಯಾರನ್ನೂ ನೋಡಲಿಲ್ಲ. ಕಂದಿನ ಜೊತೆ ನಿನ್ನ ಅಕ್ಷರಗಳೂ ಎದ್ದುಬಂದವು. ಈಗ ಅಲ್ಲಿ ಬರೀ ಹಲಗೆ ಕಾಣುತ್ತದೆ.

ನಿನ್ನ ಮಾತಿಗೆ ಬರುತ್ತೇನೆ. ಸಿಟ್ಟಿಲ್ಲ ಅಂತ ಜನವರಿಯಲ್ಲಿ ಬರೆದದ್ದು ನಿನ್ನ ಕಾಲಿಗೆ. ಇದಕ್ಕಲ್ಲ. ಇದಕ್ಕೆ ಸಿಟ್ಟಿದೆ. ಬೂಟು ಕೊಟ್ಟದ್ದಕ್ಕೆ ನಿನ್ನ ಪಾದ ಹಿಡಿದುಕೊಳ್ಳಬೇಕು ಅನಿಸುತ್ತದೆ, ಮುಂದಿನ ಬೆನ್ನಿನ ಮೇಲೆ ನಂಬರು ಬರೆದದ್ದಕ್ಕೆ ನಿನ್ನ ಮುಖ ನೋಡಬಾರದು ಅನಿಸುತ್ತದೆ. ನಿನ್ನನ್ನು ಬಿಡಬೇಕು ಅಂತ ನಿನ್ನೆಯೆಲ್ಲ ಯೋಚಿಸಿದೆ. ಬಿಟ್ಟರೆ ಅಣ್ಣನ ಕೊನೆಯ ಮಾತು ಕೇಳಿಸಿಕೊಂಡವನು ಇನ್ನೊಬ್ಬನಿಲ್ಲ. ಪ್ರೀತಿ ಇನ್ನೂ ಇದೆಯಾ ಅಂತ ಕೇಳಬೇಡ. ಇರಬೇಕು, ಕಪ್ಪಗಾದ ಉಗುರಿನ ಕೆಳಗೆ ಬೆರಳು ಇರುವ ಹಾಗೆ.

ಬಾ. ಅಮ್ಮನ ಮುಂದೆ ಕೂತು ಹೇಳುತ್ತೇನೆ ಅಂತ ಬರೆದಿದ್ದೆಯಲ್ಲ, ಅದನ್ನು ಮರೆತುಬಿಡು. ಅವಳು ಕೇಳುತ್ತಾಳೆ, ಬಂದ ದಿನವೇ ಕೇಳುತ್ತಾಳೆ. ಅಪ್ಪ ಹೇಳಿದ್ದನ್ನೇ ನೀನೂ ಹೇಳು. ಗಣಿಯ ಮಾತು ನಮ್ಮ ಮೂವರಲ್ಲೇ ಇರಲಿ.

ಬರುವಾಗ ಹೊಸ ಕುಂಚ ತಾ. ‘ಮತ್ತು ಮಗ’ ಅಂತ ನೀನೇ ಬರೆಯಬೇಕಂತೆ, ಬೇರೆಯವರ ಕೈ ಬೇಡವಂತೆ. ಏಣಿ ಅಮ್ಮ ಹಿಡಿದುಕೊಳ್ಳುತ್ತಾಳೆ.

ಮೊಳೆ